ಭಾವನೆ, ಗಮನ ಮತ್ತು ಮೆದುಳಿನ ಎರಡು ಅರ್ಧಗೋಳಗಳು: ಪಾರ್ಶ್ವವಾಯು ಪೀಡಿತರ ಕುಟುಂಬದವರಿಗೆ ಮಾಹಿತಿ

ಪಾರ್ಶ್ವವಾಯುವಿಗೆ ಒಳಗಾದವರ ಪರವಾಗಿ ಅಂಗವಿಕಲತೆಯ ಪ್ರಮಾಣಪತ್ರಕ್ಕೆ ಅಥವಾ ಪುನರ್ವಸತಿ ಸೌಲಭ್ಯಕ್ಕೆ ಅರ್ಜಿ ಸಲ್ಲಿಸುವ ಕುಟುಂಬದವರು ಕೈಕಾಲುಗಳ ಬಲಹೀನತೆಯನ್ನೂ ಮಾತಿನ ತೊಂದರೆಯನ್ನೂ ವಿವರವಾಗಿ ತಿಳಿಸುತ್ತಾರೆ. ಆದರೆ ರೋಗಿಯು ಊಟದ ತಟ್ಟೆಯಲ್ಲಿ ಅರ್ಧವನ್ನು ಬಿಟ್ಟು ಏಳುವುದು, ಎಡಗಡೆಯಿಂದ ಮಾತನಾಡಿಸಿದವರಿಗೆ ಉತ್ತರಿಸದಿರುವುದು, ಮನೆಯವರ ದುಃಖವನ್ನು ಕಂಡೂ ಕಾಣದಂತೆ ಇರುವುದು, ಕಾರಣವಿಲ್ಲದೆ ಅಳುವುದು ಇತ್ಯಾದಿಗಳನ್ನು ತಿಳಿಸುವುದು ಅಪರೂಪ. ಇವುಗಳನ್ನು ಹಟ, ಸೋಮಾರಿತನ ಅಥವಾ ಬದಲಾದ ಸ್ವಭಾವವೆಂದು ಭಾವಿಸುವುದೇ ಇದಕ್ಕೆ ಕಾರಣ. ವಾಸ್ತವದಲ್ಲಿ ಇವು ಮೆದುಳಿಗೆ ಆದ ಹಾನಿಯ ಲಕ್ಷಣಗಳಾಗಿರುವ ಸಾಧ್ಯತೆ ಇದೆ. ಗಮನವು ಹೇಗೆ ಕೆಲಸ ಮಾಡುತ್ತದೆ, ಭಾವನೆಯು ಅದನ್ನು ಹೇಗೆ ಎಳೆಯುತ್ತದೆ ಮತ್ತು ಮೆದುಳಿನ ಎಡ ಹಾಗೂ ಬಲ ಅರ್ಧಗೋಳಗಳು ಇದರಲ್ಲಿ ಯಾವ ಪಾತ್ರ ವಹಿಸುತ್ತವೆ ಎಂಬುದನ್ನು ಸಾರ್ವಜನಿಕರ ತಿಳುವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಭಾವನೆಯು ಗಮನವನ್ನು ಎಳೆಯುವ ಬಗೆ

ಕಣ್ಣು ಕಿವಿಗಳ ಮೂಲಕ ಪ್ರತಿ ಕ್ಷಣ ಒಳಬರುವ ಮಾಹಿತಿಯಲ್ಲಿ ಮೆದುಳು ಸ್ವಲ್ಪ ಭಾಗವನ್ನು ಮಾತ್ರ ಆರಿಸಿಕೊಳ್ಳುತ್ತದೆ. ಈ ಆಯ್ಕೆಗೆ ಗಮನ ಎಂದು ಹೆಸರು. ಆಯ್ಕೆಯು ಎರಡು ರೀತಿಯಲ್ಲಿ ನಡೆಯುತ್ತದೆ. ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗುವಿನ ಕೆಂಪು ಅಂಗಿಯನ್ನು ಹುಡುಕುವಾಗ ಮನುಷ್ಯನು ತಾನೇ ಗಮನವನ್ನು ನಡೆಸುತ್ತಾನೆ. ಅದೇ ವೇಳೆಗೆ ಹಿಂದೆ ಯಾರೋ ಕಿರುಚಿಕೊಂಡರೆ ಗಮನವು ಅವನ ಅಪ್ಪಣೆಗೆ ಕಾಯದೆ ಅತ್ತ ತಿರುಗುತ್ತದೆ.

ಕಿರುಚಾಟ, ಹಾವಿನಂತೆ ಕಾಣುವ ಹಗ್ಗ, ಸಿಟ್ಟಿನ ಮುಖ ಮೊದಲಾದವುಗಳಿಗೆ ಮೆದುಳು ಆದ್ಯತೆ ನೀಡುತ್ತದೆ. ಈ ಕಾರ್ಯದಲ್ಲಿ ಮೆದುಳಿನ ಎರಡೂ ಬದಿಗಳ ಆಳದಲ್ಲಿರುವ ಬಾದಾಮಿಯಾಕಾರದ ಅಮಿಗ್ಡಲಾ ಎಂಬ ಭಾಗವು ಮುಖ್ಯ ಪಾತ್ರ ವಹಿಸುತ್ತದೆ. ನೋಟಕ್ಕೆ ಸಂಬಂಧಿಸಿದ ಪ್ರದೇಶಗಳಿಗೆ ಇಲ್ಲಿಂದ ನರತಂತುಗಳು ಹೋಗುವುದರಿಂದ, ಭಯಕ್ಕೆ ಸಂಬಂಧಿಸಿದ ದೃಶ್ಯವು ಬೇರೆ ದೃಶ್ಯಗಳಿಗಿಂತ ಬಲವಾಗಿ ದಾಖಲಾಗುತ್ತದೆ. ಎರಡೂ ಬದಿಯ ಅಮಿಗ್ಡಲಾ ನಾಶವಾಗಿದ್ದ ಒಬ್ಬ ಮಹಿಳೆಗೆ ಮುಖದಲ್ಲಿನ ಭಯವನ್ನು ಗುರುತಿಸಲು ಆಗುತ್ತಿರಲಿಲ್ಲ. ಆಕೆಯು ಎದುರಿನವರ ಕಣ್ಣುಗಳ ಕಡೆಗೆ ನೋಡುತ್ತಿರಲೇ ಇಲ್ಲ ಎಂಬುದು 2005ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದುಬಂತು. ಕಣ್ಣುಗಳನ್ನು ನೋಡುವಂತೆ ಸ್ಪಷ್ಟವಾಗಿ ಸೂಚಿಸಿದಾಗ ಆಕೆ ಭಯವನ್ನು ಗುರುತಿಸಿದಳು. ಭಾವನೆಯ ಕೊರತೆಯೆಂದು ತೋರಿದ್ದು ಬಹುಮಟ್ಟಿಗೆ ಗಮನದ ಕೊರತೆಯಾಗಿತ್ತು.

ಉದ್ವೇಗ ಹೆಚ್ಚಿದಂತೆ ಗಮನದ ವ್ಯಾಪ್ತಿ ಕಿರಿದಾಗುತ್ತದೆ ಎಂಬ ವಿಚಾರವನ್ನು ಮನೋವಿಜ್ಞಾನಿ ಈಸ್ಟರ್‌ಬ್ರೂಕ್ ಅವರು 1959ರಲ್ಲಿ ಮಂಡಿಸಿದರು. ಚಾಕು ಹಿಡಿದು ಬೆದರಿಸಿದವನ ಮುಖವನ್ನು ಸಾಕ್ಷಿದಾರರು ಸರಿಯಾಗಿ ನೆನಪಿಟ್ಟುಕೊಳ್ಳದೆ ಚಾಕುವನ್ನು ಮಾತ್ರ ವರ್ಣಿಸುವುದು ಇದಕ್ಕೆ ಪ್ರಸಿದ್ಧ ಉದಾಹರಣೆ. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಅರ್ಜಿ ತಿರಸ್ಕೃತವಾಗಿದೆ ಎಂಬ ಒಂದು ಸಾಲನ್ನು ಓದಿದ ಅರ್ಜಿದಾರರಿಗೆ, ಅದೇ ಪತ್ರದ ಕೆಳಭಾಗದಲ್ಲಿ ಮೇಲ್ಮನವಿಯ ಬಗ್ಗೆ ಮುದ್ರಿತವಾಗಿರುವ ಸಾಲು ಕಾಣದಿರುವುದು ಸಾಮಾನ್ಯ ಅನುಭವ. ಆಸ್ಪತ್ರೆಯಲ್ಲಿ ವೈದ್ಯರು ಕಾಯಿಲೆಯ ಹೆಸರು ಹೇಳಿದ ನಂತರ ತಿಳಿಸುವ ಸೂಚನೆಗಳಿಗೂ ಇದೇ ಗತಿ. ಆದ್ದರಿಂದ ಅಂತಹ ಸಂದರ್ಭದಲ್ಲಿ ಸೂಚನೆಗಳನ್ನು ಬರಹದಲ್ಲಿ ಪಡೆಯುವುದು ಮತ್ತು ಜೊತೆಗೆ ಮತ್ತೊಬ್ಬರನ್ನು ಕರೆದೊಯ್ಯುವುದು ಸೂಕ್ತ.

ಎರಡು ಅರ್ಧಗೋಳಗಳು

ಮೆದುಳಿನ ಎಡ ಅರ್ಧಗೋಳವು ದೇಹದ ಬಲಭಾಗವನ್ನೂ, ಬಲ ಅರ್ಧಗೋಳವು ಎಡಭಾಗವನ್ನೂ ನಿಯಂತ್ರಿಸುತ್ತದೆ. ಇವೆರಡನ್ನೂ ಕಾರ್ಪಸ್ ಕ್ಯಾಲೋಸಮ್ ಎಂಬ, ಸುಮಾರು 20 ಕೋಟಿ ನರತಂತುಗಳ ದಪ್ಪ ಸೇತುವೆಯು ಜೋಡಿಸುತ್ತದೆ. ಮಾತಿನ ಸಾಮರ್ಥ್ಯವು ಹೆಚ್ಚಿನ ಜನರಲ್ಲಿ ಎಡ ಅರ್ಧಗೋಳವನ್ನು ಅವಲಂಬಿಸಿದೆ ಎಂಬುದು 1860ರ ದಶಕದಲ್ಲಿ ಫ್ರಾನ್ಸಿನ ವೈದ್ಯ ಪಾಲ್ ಬ್ರೋಕಾ ಅವರ ಅಧ್ಯಯನಗಳಿಂದ ತಿಳಿದುಬಂತು.

ತೀವ್ರ ಮೂರ್ಛೆರೋಗದ ಚಿಕಿತ್ಸೆಗಾಗಿ ಈ ಸೇತುವೆಯನ್ನು ಕತ್ತರಿಸಲಾಗಿದ್ದ ರೋಗಿಗಳನ್ನು ಅಮೆರಿಕದ ರೋಜರ್ ಸ್ಪೆರ್ರಿ ಮತ್ತು ಅವರ ಸಹೋದ್ಯೋಗಿಗಳು ಪರೀಕ್ಷಿಸಿದರು. ಈ ಕಾರ್ಯಕ್ಕಾಗಿ ಸ್ಪೆರ್ರಿ ಅವರಿಗೆ 1981ರಲ್ಲಿ ನೊಬೆಲ್ ಪ್ರಶಸ್ತಿಯ ಪಾಲು ದೊರೆಯಿತು. ಮುಜುಗರ ತರುವಂತಹ ಚಿತ್ರವೊಂದನ್ನು ಬಲ ಅರ್ಧಗೋಳಕ್ಕೆ ಮಾತ್ರ ಕಾಣುವಂತೆ ಕ್ಷಣಕಾಲ ತೋರಿಸಿದಾಗ, ರೋಗಿಯು ತಾನು ಏನನ್ನೂ ನೋಡಲಿಲ್ಲವೆಂದು ಹೇಳುತ್ತಲೇ ನಾಚಿಕೊಂಡು ನಗುವುದು ಕಂಡುಬಂದಿತು. ನಗುವಿಗೆ ಕಾರಣವೇನೆಂದು ಆಕೆಗೇ ತಿಳಿದಿರಲಿಲ್ಲ. ಚಿತ್ರದ ವಿವರವು ಮಾತನಾಡುವ ಎಡ ಅರ್ಧಗೋಳಕ್ಕೆ ತಲುಪದಿದ್ದರೂ ಅದರ ಭಾವವು ಮೆದುಳಿನ ಕೆಳಭಾಗದ ದಾರಿಗಳ ಮೂಲಕ ದೇಹವನ್ನೆಲ್ಲ ತಲುಪಿತ್ತು.

ಎಡಮೆದುಳು ತರ್ಕದ್ದು, ಬಲಮೆದುಳು ಭಾವನೆಯದು ಎಂಬ ನಂಬಿಕೆ ಇಂತಹ ಪ್ರಯೋಗಗಳ ಅರೆಬರೆ ತಿಳುವಳಿಕೆಯಿಂದ ಹರಡಿತು. ಇದು ಸರಿಯಲ್ಲ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ತಂಡವು ಸಾವಿರಕ್ಕೂ ಹೆಚ್ಚು ಜನರ ಮೆದುಳಿನ ಚಿತ್ರಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ವರದಿಯಂತೆ, ಒಟ್ಟಾರೆಯಾಗಿ ಎಡಮೆದುಳಿನ ಅಥವಾ ಬಲಮೆದುಳಿನ ವ್ಯಕ್ತಿಗಳೆಂಬ ವರ್ಗಗಳು ಕಂಡುಬಂದಿಲ್ಲ. ಮಕ್ಕಳ ಬಲಮೆದುಳನ್ನು ಜಾಗೃತಗೊಳಿಸುವುದಾಗಿ ಜಾಹೀರಾತು ನೀಡಿ ದುಬಾರಿ ಶುಲ್ಕ ಪಡೆಯುವ ಶಿಬಿರಗಳಿಗೆ ವೈಜ್ಞಾನಿಕ ಆಧಾರವಿಲ್ಲ ಎಂಬುದನ್ನು ಪೋಷಕರು ಗಮನಿಸುವುದು.

ಹಾಗೆಂದು ಎರಡು ಅರ್ಧಗೋಳಗಳ ಕೆಲಸ ಒಂದೇ ರೀತಿಯದೂ ಅಲ್ಲ. ನಿರ್ದಿಷ್ಟ ಕಾರ್ಯಗಳಲ್ಲಿ ವ್ಯತ್ಯಾಸವಿದೆ, ಮತ್ತು ಗಮನದ ವಿಷಯದಲ್ಲಿ ಈ ವ್ಯತ್ಯಾಸ ದೊಡ್ಡದು. ಎಡ ಅರ್ಧಗೋಳವು ಮುಖ್ಯವಾಗಿ ಬಲಪಕ್ಕದ ಕಡೆಗೆ ಗಮನವನ್ನು ಹರಿಸುತ್ತದೆ. ಬಲ ಅರ್ಧಗೋಳವು ಎರಡೂ ಪಕ್ಕಗಳ ಕಡೆಗೆ ಹರಿಸಬಲ್ಲದು. ಅನಿರೀಕ್ಷಿತ ಸದ್ದು ಅಥವಾ ದೃಶ್ಯದ ಕಡೆಗೆ ಗಮನವನ್ನು ಥಟ್ಟನೆ ತಿರುಗಿಸುವ ನರಜಾಲವೂ ಹೆಚ್ಚಾಗಿ ಬಲ ಅರ್ಧಗೋಳದಲ್ಲೇ ಇದೆ. ಇದರ ಪರಿಣಾಮವೇನೆಂದರೆ, ಎಡ ಅರ್ಧಗೋಳಕ್ಕೆ ಹಾನಿಯಾದಾಗ ಬಲಪಕ್ಕದ ಗಮನವನ್ನು ಬಲ ಅರ್ಧಗೋಳವು ಬಹುಮಟ್ಟಿಗೆ ಸರಿದೂಗಿಸುತ್ತದೆ. ಬಲ ಅರ್ಧಗೋಳಕ್ಕೆ ಹಾನಿಯಾದಾಗ ಎಡಪಕ್ಕವನ್ನು ನೋಡಿಕೊಳ್ಳುವವರಿಲ್ಲ.

ಎಡಪಕ್ಕದ ಉಪೇಕ್ಷೆ

ಈ ಸ್ಥಿತಿಗೆ ಎಡಪಕ್ಕದ ಉಪೇಕ್ಷೆ ಎಂದು ಹೆಸರು. ವೈದ್ಯಕೀಯ ಚೀಟಿಯಲ್ಲಿ ಇದನ್ನು ನೆಗ್ಲೆಕ್ಟ್ ಎಂದು ಬರೆದಿರುತ್ತಾರೆ. ರೋಗಿಯ ಕಣ್ಣು ಸರಿಯಾಗಿದ್ದರೂ, ಎಡಪಕ್ಕದಲ್ಲಿರುವುದು ಅವರ ಪಾಲಿಗೆ ಇಲ್ಲವೇ ಇಲ್ಲ ಎಂಬಂತಾಗಿರುತ್ತದೆ. ಬಾಳೆಲೆಯ ಎಡಭಾಗದಲ್ಲಿ ಬಡಿಸಿರುವ ಉಪ್ಪು, ಉಪ್ಪಿನಕಾಯಿ, ಕೋಸಂಬರಿಗಳನ್ನು ಮುಟ್ಟದೆ, ತಮಗೆ ಬಡಿಸಲೇ ಇಲ್ಲವೆಂದು ಸಿಟ್ಟಾಗುತ್ತಾರೆ. ಗಡ್ಡವನ್ನು ಬಲಗೆನ್ನೆಯಲ್ಲಿ ಮಾತ್ರ ಹೆರೆದುಕೊಳ್ಳುತ್ತಾರೆ. ಅಂಗಿಯ ಎಡತೋಳು ಜೋತಾಡುತ್ತಿರುತ್ತದೆ. ಗಾಲಿಕುರ್ಚಿಯನ್ನು ಬಾಗಿಲಿನ ಎಡ ಚೌಕಟ್ಟಿಗೆ ತಾಗಿಸುತ್ತಾರೆ. ಬಸ್ಸಿನ ಫಲಕದಲ್ಲಿ ಹೊಸಪೇಟೆ ಎಂದಿರುವುದನ್ನು ಪೇಟೆ ಎಂದು ಓದುವುದೂ ಉಂಟು. ದೃಷ್ಟಿ ಮಂದವಾಗಿರಬಹುದೆಂದು ಕನ್ನಡಕ ಮಾಡಿಸಿದರೆ ಇದು ಸರಿಹೋಗುವುದಿಲ್ಲ.

ಕೊರತೆಯು ಕಣ್ಣಿನದಲ್ಲ, ಗಮನದ್ದು ಎಂಬುದಕ್ಕೆ ಇಟಲಿಯ ಮಿಲಾನ್ ನಗರದಲ್ಲಿ ನಡೆದು 1978ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯು ಉತ್ತಮ ನಿದರ್ಶನ. ಆ ನಗರದ ರೋಗಿಗಳಿಗೆ ತಾವು ಚೆನ್ನಾಗಿ ಬಲ್ಲ ಪ್ರಧಾನ ಚರ್ಚಿನ ಚೌಕವನ್ನು ನೆನಪಿನಿಂದ ವರ್ಣಿಸಲು ತಿಳಿಸಲಾಯಿತು. ಚರ್ಚಿಗೆ ಎದುರಾಗಿ ನಿಂತಂತೆ ಕಲ್ಪಿಸಿಕೊಂಡಾಗ ಅವರು ಬಲಗಡೆಯ ಕಟ್ಟಡಗಳನ್ನು ಹೇಳಿ ಎಡಗಡೆಯವನ್ನು ಬಿಟ್ಟರು. ಚರ್ಚಿಗೆ ಬೆನ್ನು ಮಾಡಿ ನಿಂತಂತೆ ಕಲ್ಪಿಸಿಕೊಂಡಾಗ, ಮೊದಲು ಬಿಟ್ಟಿದ್ದವನ್ನು ಹೇಳಿ, ಮೊದಲು ಹೇಳಿದ್ದವನ್ನು ಬಿಟ್ಟರು. ಅಲ್ಲಿ ನೋಡಬೇಕಾದ ವಸ್ತುವೇ ಇರಲಿಲ್ಲ. ಊರಿನ ರಥಬೀದಿಯನ್ನು ದೇವಸ್ಥಾನದ ಕಡೆಯಿಂದಲೂ, ಬೀದಿಯ ಇನ್ನೊಂದು ತುದಿಯಿಂದಲೂ ವರ್ಣಿಸುವಂತೆ ಕೇಳಿದರೆ ಇಲ್ಲಿನ ರೋಗಿಗಳಲ್ಲೂ ಇದೇ ರೀತಿ ಕಂಡುಬರಬಹುದು.

ಉಪೇಕ್ಷಿತ ಪಕ್ಕಕ್ಕೆ ಭಾವನೆಯು ತಲುಪುವುದೇ?

ಬ್ರಿಟನ್ನಿನ ಮಾರ್ಷಲ್ ಮತ್ತು ಹ್ಯಾಲಿಗನ್ ಅವರು 1988ರಲ್ಲಿ ವರದಿ ಮಾಡಿದ ರೋಗಿಯೊಬ್ಬರಿಗೆ ಒಂದರ ಕೆಳಗೊಂದರಂತೆ ಎರಡು ಮನೆಗಳ ಚಿತ್ರವನ್ನು ತೋರಿಸಲಾಗಿತ್ತು. ಒಂದು ಮನೆಯ ಎಡಭಾಗದಿಂದ ಬೆಂಕಿಯ ಜ್ವಾಲೆ ಹೊರಬರುತ್ತಿತ್ತು. ಎರಡೂ ಮನೆಗಳು ಒಂದೇ ರೀತಿ ಇವೆ ಎಂದು ಆಕೆ ಹೇಳಿದರು. ವಾಸಕ್ಕೆ ಯಾವ ಮನೆ ಆಗಬಹುದೆಂದು ಕೇಳಿದಾಗ, ಆ ಪ್ರಶ್ನೆಯೇ ಅರ್ಥಹೀನವೆಂದು ಹೇಳಿದರೂ, ಹೆಚ್ಚಿನ ಸಲ ಬೆಂಕಿಯಿಲ್ಲದ ಮನೆಯನ್ನೇ ಆರಿಸಿದರು. ಅರಿವಿಗೆ ಬಾರದ ಪಕ್ಕದಿಂದಲೂ ಅಪಾಯದ ಸೂಚನೆಯು ಒಳಗೆ ಹೋಗಿತ್ತು. ಬೇರೆ ರೋಗಿಗಳಲ್ಲಿ ನಂತರ ನಡೆದ ಪರೀಕ್ಷೆಗಳಲ್ಲಿ ಎಲ್ಲರಿಂದಲೂ ಇದೇ ಉತ್ತರ ಬರಲಿಲ್ಲ ಎಂಬುದನ್ನೂ ಹೇಳಬೇಕಾಗುತ್ತದೆ.

ಇದಕ್ಕಿಂತ ಉಪಯುಕ್ತವಾದುದು 2001ರಲ್ಲಿ ಪ್ರಕಟವಾದ ಅಧ್ಯಯನ. ಬಲ ಅರ್ಧಗೋಳದ ಹಾನಿಯಿಂದ ಬಳಲುತ್ತಿದ್ದ ಕೆಲವರಿಗೆ ಎಡ ಮತ್ತು ಬಲ ಎರಡೂ ಕಡೆ ಒಮ್ಮೆಗೇ ಚಿತ್ರಗಳನ್ನು ತೋರಿಸಿದಾಗ ಎಡಗಡೆಯದು ಕಾಣದೆ ಹೋಗುತ್ತಿತ್ತು. ಎಡಗಡೆಯದು ಭಾವರಹಿತ ಮುಖವಾಗಿದ್ದರೆ ಕಾಣದೆ ಹೋಗುವ ಸಂದರ್ಭಗಳು ಹೆಚ್ಚು. ನಗುವ ಅಥವಾ ಸಿಟ್ಟಿನ ಮುಖವಾಗಿದ್ದರೆ ಅವು ಕಡಿಮೆ. ತಮಗೆ ಇಷ್ಟವಾದ ಸಂಗೀತ ಕೇಳುತ್ತಿರುವಾಗ ಮೂವರು ರೋಗಿಗಳು ಎಡಪಕ್ಕದ ವಸ್ತುಗಳನ್ನು ಉತ್ತಮವಾಗಿ ಗುರುತಿಸಿದರೆಂದು 2009ರ ಮತ್ತೊಂದು ವರದಿ ತಿಳಿಸುತ್ತದೆ. ಇಷ್ಟವಿಲ್ಲದ ಸಂಗೀತವನ್ನು ಹಾಕಿದಾಗ ಅಂತಹ ಪ್ರಯೋಜನ ಕಂಡುಬರಲಿಲ್ಲ. ರೋಗಿಗಳ ಸಂಖ್ಯೆ ಚಿಕ್ಕದಾದ್ದರಿಂದ ಇದನ್ನು ಸಿದ್ಧ ಚಿಕಿತ್ಸೆಯೆಂದು ಹೇಳಲಾಗದು. ಆದರೂ ಗದರಿಸಿ ಊಟ ಮಾಡಿಸುವ ಮನೆಗಿಂತ, ಎಡಗಡೆಯಿಂದ ನಗುಮುಖದಲ್ಲಿ ಮಾತನಾಡಿಸುತ್ತ, ಇಷ್ಟದ ದೇವರನಾಮವನ್ನೋ ಚಲನಚಿತ್ರಗೀತೆಯನ್ನೋ ಹಾಕುವ ಮನೆಯಲ್ಲಿ ರೋಗಿಯ ಗಮನಕ್ಕೆ ಒಂದಿಷ್ಟು ನೆರವು ದೊರೆಯಬಹುದು ಎಂದು ನಿರೀಕ್ಷಿಸಲು ಇಲ್ಲಿ ಆಧಾರವಿದೆ. ಇದಕ್ಕೆ ಖರ್ಚೂ ಇಲ್ಲ.

ಸ್ವಭಾವ ಬದಲಾದಂತೆ ತೋರುವುದು

ಬಲ ಅರ್ಧಗೋಳಕ್ಕೆ ಹಾನಿಯಾದ ಕೆಲವರು ತಮ್ಮ ಎಡಗೈ ಏಳುತ್ತಿಲ್ಲವೆಂಬುದನ್ನೇ ಒಪ್ಪುವುದಿಲ್ಲ. ಕೈಯನ್ನು ತೋರಿಸಿದರೆ ಅದು ತಮ್ಮದಲ್ಲವೆಂದೂ ಹೇಳಬಹುದು. ಇದನ್ನು ಫ್ರಾನ್ಸಿನ ನರವೈದ್ಯ ಬಾಬಿನ್‌ಸ್ಕಿ ಅವರು 1914ರಲ್ಲಿ ವಿವರಿಸಿದರು. ಇದು ಬೇಕೆಂದು ಮಾಡುವ ನಿರಾಕರಣೆಯಲ್ಲ. ಇದರಿಂದ ಆಗುವ ದೊಡ್ಡ ಅಪಾಯವೆಂದರೆ ವಿಳಂಬ. ತಮಗೆ ಏನೂ ಆಗಿಲ್ಲ, ಮಲಗಿ ಎದ್ದರೆ ಸರಿಹೋಗುತ್ತದೆ ಎಂಬ ರೋಗಿಯ ಮಾತನ್ನು ನಂಬಿ ಮನೆಯವರು ಬೆಳಗಿನವರೆಗೆ ಕಾಯುತ್ತಾರೆ. ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಕಾಣಿಸಿಕೊಂಡ ನಾಲ್ಕೂವರೆ ಗಂಟೆಗಳ ಒಳಗೆ ನೀಡಬೇಕಾಗಿರುತ್ತದೆ. ಬಾಯಿ ಓರೆಯಾಗುವುದು, ಒಂದು ಕೈ ಬಲ ಕಳೆದುಕೊಳ್ಳುವುದು ಅಥವಾ ಮಾತು ತೊದಲುವುದು ಹಠಾತ್ತನೆ ಕಂಡುಬಂದಲ್ಲಿ, ರೋಗಿಯು ಒಪ್ಪಲಿ ಬಿಡಲಿ, ಕೂಡಲೇ 108ಕ್ಕೆ ಕರೆ ಮಾಡುವುದು ಹಾಗೂ ಲಕ್ಷಣ ಆರಂಭವಾದ ಸಮಯವನ್ನು ಬರೆದಿಟ್ಟುಕೊಂಡು ವೈದ್ಯರಿಗೆ ತಿಳಿಸುವುದು.

ಬಲ ಅರ್ಧಗೋಳವು ಧ್ವನಿಯ ಏರಿಳಿತದಲ್ಲಿ ಮತ್ತು ಮುಖದಲ್ಲಿ ವ್ಯಕ್ತವಾಗುವ ಭಾವವನ್ನು ಗ್ರಹಿಸುವಲ್ಲಿ ಹೆಚ್ಚಿನ ಪಾತ್ರ ವಹಿಸುತ್ತದೆ. ಅದಕ್ಕೆ ಪೆಟ್ಟಾದಾಗ ರೋಗಿಗೆ ಪದಗಳ ಅರ್ಥ ತಿಳಿಯುತ್ತದೆ, ಧ್ವನಿಯಲ್ಲಿನ ನೋವು ತಿಳಿಯುವುದಿಲ್ಲ. ಅವರ ಸ್ವಂತ ಮಾತು ಕೂಡ ಏರಿಳಿತವಿಲ್ಲದೆ ಒಂದೇ ಸಮನಾಗಿರಬಹುದು. ಹೆಂಡತಿ ಮಕ್ಕಳ ಮೇಲಿನ ಅಕ್ಕರೆ ಹೊರಟುಹೋಯಿತೆಂದು ಮನೆಯವರು ಕೊರಗುವುದು ಇಂತಹ ಸಂದರ್ಭದಲ್ಲಿಯೇ. ಅಕ್ಕರೆ ಇದ್ದರೂ ಅದು ಹೊರಬರುವ ಹಾದಿಗೆ ಹಾನಿಯಾಗಿರಬಹುದು. ಅವರೊಡನೆ ಸೂಚ್ಯವಾಗಿ ಮಾತನಾಡದೆ, ತನಗೆ ಬೇಸರವಾಗಿದೆ, ಹತ್ತಿರ ಕುಳಿತುಕೊಳ್ಳಬೇಕು ಎಂದು ಪದಗಳಲ್ಲೇ ಹೇಳುವುದು ಫಲಕಾರಿ.

ಎಡ ಅರ್ಧಗೋಳದ ಹಾನಿಯ ಸಂದರ್ಭದಲ್ಲಿ ಚಿತ್ರ ಬೇರೆ. ಮಾತು ಬಾರದಿರುವ ಅಫೇಸಿಯಾ ಸ್ಥಿತಿಯಲ್ಲಿ ರೋಗಿಗೆ ತನ್ನ ಕೊರತೆಯ ಪೂರ್ಣ ಅರಿವಿರುವುದುಂಟು. ಪದವೊಂದು ಸಿಗದೆ ಹೋದಾಗ ಅತ್ತುಬಿಡುವುದು ಅಥವಾ ತಟ್ಟೆಯನ್ನು ನೂಕುವುದು ಈ ಕಾರಣದಿಂದ. ಎಡ ಹಾನಿಯಲ್ಲಿ ದುಃಖ ಮತ್ತು ಉದ್ವೇಗ, ಬಲ ಹಾನಿಯಲ್ಲಿ ಉದಾಸೀನ ಹೆಚ್ಚೆಂದು ಇಟಲಿಯ ಗೈನೋಟಿ ಅವರು 1972ರಲ್ಲಿ ವರದಿ ಮಾಡಿದ್ದರು. ಇದನ್ನು ಕಟ್ಟುನಿಟ್ಟಿನ ನಿಯಮವೆಂದು ತಿಳಿಯಬಾರದು. ಹಾನಿಯಾದ ಪಕ್ಕಕ್ಕೂ ಖಿನ್ನತೆಗೂ ನಿಶ್ಚಿತ ಸಂಬಂಧ ದೃಢಪಟ್ಟಿಲ್ಲವೆಂದು 2000ದಲ್ಲಿ ಪ್ರಕಟವಾದ ಸಮಗ್ರ ಪರಿಶೀಲನೆಯೊಂದು ತಿಳಿಸಿತು. ಪಾರ್ಶ್ವವಾಯು ಪೀಡಿತರಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಜನರಿಗೆ ಒಂದಲ್ಲ ಒಂದು ಹಂತದಲ್ಲಿ ಖಿನ್ನತೆ ಕಾಣಿಸಿಕೊಳ್ಳುತ್ತದೆ. ಮಾತು ಬಾರದವರಲ್ಲಿ ಅದು ಬಾಯಿಯ ಮೂಲಕ ತಿಳಿಯುವುದಿಲ್ಲವಾದ್ದರಿಂದ ನಿದ್ರೆ, ಊಟ ಮತ್ತು ವ್ಯಾಯಾಮದಲ್ಲಿನ ಆಸಕ್ತಿ ಕುಂದುವುದನ್ನು ಗಮನಿಸಬೇಕು.

ದುಃಖವಿಲ್ಲದಿದ್ದರೂ ಥಟ್ಟನೆ ಅಳು, ಸಂತೋಷವಿಲ್ಲದಿದ್ದರೂ ತಡೆಯಲಾಗದ ನಗು ಬರುವುದು ಮತ್ತೊಂದು ತೊಂದರೆ. ಸಾವಿನ ಮನೆಯಲ್ಲಿ ನಕ್ಕರೆಂಬ ಕಾರಣಕ್ಕೆ ರೋಗಿಯನ್ನು ಹೊರಗೆ ಕರೆದೊಯ್ಯುವುದನ್ನೇ ನಿಲ್ಲಿಸುವ ಕುಟುಂಬಗಳಿವೆ. ಇದಕ್ಕೆ ಔಷಧಿ ಇದೆ. ವೈದ್ಯರಿಗೆ ಸಂಕೋಚವಿಲ್ಲದೆ ತಿಳಿಸಬಹುದು.

ಮನೆಯಲ್ಲಿ ಅನುಸರಿಸಬಹುದಾದ ಕ್ರಮಗಳು

ಎಡಪಕ್ಕದ ಉಪೇಕ್ಷೆ ಇರುವವರಿಗೆ ಕರೆಗಂಟೆ, ನೀರು, ಮಾತ್ರೆಗಳನ್ನು ಆರಂಭದ ದಿನಗಳಲ್ಲಿ ಬಲಗಡೆಯೇ ಇರಿಸುವುದು. ಸುರಕ್ಷತೆಗೆ ಮೊದಲ ಆದ್ಯತೆ. ನಂತರ ಚಿಕಿತ್ಸಕರ ಸಲಹೆಯಂತೆ ಕ್ರಮೇಣ ಎಡಕ್ಕೆ ತಿರುಗುವ ಅಭ್ಯಾಸ ಮಾಡಿಸುವುದು: ಎಡಗಡೆ ಕುಳಿತು ಹೆಸರು ಹಿಡಿದು ಕರೆಯುವುದು, ಎಡಗೈಯನ್ನು ಮುಟ್ಟಿ ಹೇಳುವುದು, ಪತ್ರಿಕೆಯ ಎಡ ಅಂಚಿಗೆ ಕೆಂಪು ಪಟ್ಟಿ ಅಂಟಿಸಿ ಪ್ರತಿ ಸಾಲನ್ನೂ ಆ ಪಟ್ಟಿಯಿಂದಲೇ ಓದಲು ಆರಂಭಿಸುವಂತೆ ತಿಳಿಸುವುದು. ತಟ್ಟೆಯಲ್ಲಿ ಅನ್ನ ಉಳಿದಿದ್ದರೆ ತಟ್ಟೆಯನ್ನು ಸ್ವಲ್ಪ ತಿರುಗಿಸಿದರೆ ಸಾಕು. ಬಿಸಿ ಪಾತ್ರೆ ಮತ್ತು ಒಲೆ ಅವರ ಎಡಗಡೆ ಇರಬಾರದು. ವೈದ್ಯರು ಅನುಮತಿಸುವವರೆಗೆ ವಾಹನ ಚಲಾಯಿಸಬಾರದು ಮತ್ತು ರಸ್ತೆಯನ್ನು ಒಂಟಿಯಾಗಿ ದಾಟಬಾರದು. ನಡೆಯಲು ಬಂದಿತೆಂಬ ಉತ್ಸಾಹದಲ್ಲಿ ಕುಟುಂಬಗಳು ಈ ಕೊನೆಯ ಎಚ್ಚರಿಕೆಯನ್ನು ಮರೆಯುವುದುಂಟು.

ಸೌಲಭ್ಯಗಳು ಮತ್ತು ಅರ್ಜಿ

ಮೆದುಳಿನ ಆರೋಗ್ಯದ ತಪಾಸಣೆಗಾಗಿ ಸಾರ್ವಜನಿಕರು ಜಿಲ್ಲಾ ಆಸ್ಪತ್ರೆಯನ್ನು ಸಂಪರ್ಕಿಸಬಹುದು. ನಿಮ್ಹಾನ್ಸ್ ಸಹಯೋಗದಲ್ಲಿ 2022ರಲ್ಲಿ ಆರಂಭವಾದ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಅಡಿಯಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲಿ ಮೆದುಳು ಆರೋಗ್ಯ ಚಿಕಿತ್ಸಾಲಯಗಳನ್ನು ತೆರೆಯಲಾಗಿದೆ. ಮಾತಿನ ಚಿಕಿತ್ಸೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ವ್ಯವಸ್ಥೆ ಇದೆ. ಖಿನ್ನತೆ ಅಥವಾ ಆತಂಕದ ಬಗ್ಗೆ ರೋಗಿಗಳೂ, ದಣಿದಿರುವ ಆರೈಕೆದಾರರೂ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು.

ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ ಅನುಸೂಚಿಯಲ್ಲಿ 21 ಬಗೆಯ ಅಂಗವಿಕಲತೆಗಳಿವೆ. ಪಾರ್ಶ್ವವಾಯುವಿನಿಂದ ಉಂಟಾದ ಚಲನಾಂಗದ ನ್ಯೂನತೆ ಹಾಗೂ ಅಫೇಸಿಯಾದಿಂದ ಉಂಟಾದ ಶಾಶ್ವತ ವಾಕ್ ಮತ್ತು ಭಾಷಾ ನ್ಯೂನತೆಯನ್ನು ಇದರಡಿ ಪರಿಗಣಿಸಬಹುದಾಗಿದೆ. ಎಡಪಕ್ಕದ ಉಪೇಕ್ಷೆಯ ಹೆಸರು ಈ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಇಲ್ಲ. ರೋಗಿಯೂ ಅದನ್ನು ಹೇಳಿಕೊಳ್ಳುವುದಿಲ್ಲ. ಆದ್ದರಿಂದ ಪರೀಕ್ಷೆಯ ದಿನ ಜೊತೆಯಲ್ಲಿ ಹೋಗುವವರು ಮನೆಯಲ್ಲಿ ಕಂಡ ಸಂಗತಿಗಳನ್ನು, ಅಂದರೆ ಊಟ, ಬಟ್ಟೆ ಧರಿಸುವುದು, ನಡಿಗೆ, ಓದು ಇವುಗಳಲ್ಲಿನ ತೊಂದರೆಯನ್ನು ದಿನಾಂಕ ಸಹಿತ ಒಂದು ಹಾಳೆಯಲ್ಲಿ ಬರೆದು ವೈದ್ಯರಿಗೆ ನೀಡುವುದು ಮತ್ತು ಆಸ್ಪತ್ರೆಯ ಬಿಡುಗಡೆ ಪತ್ರದಲ್ಲಿ ನೆಗ್ಲೆಕ್ಟ್ ಎಂದು ನಮೂದಾಗಿದ್ದರೆ ಅದನ್ನು ತೋರಿಸುವುದು.

ಅರ್ಜಿಯನ್ನು ಯು.ಡಿ.ಐ.ಡಿ. ಅಂತರಜಾಲ ತಾಣದ ಮೂಲಕ ಸಲ್ಲಿಸಬೇಕಾಗಿರುತ್ತದೆ. ಭಾವಚಿತ್ರ, ಆಧಾರ್ ಮತ್ತು ಚಿಕಿತ್ಸೆಯ ದಾಖಲೆಗಳನ್ನು ಸಿದ್ಧವಾಗಿಟ್ಟುಕೊಳ್ಳುವುದು. ಸ್ವತಃ ಭರ್ತಿ ಮಾಡಲಾಗದವರು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಅಥವಾ ತಾಲ್ಲೂಕು ಪಂಚಾಯಿತಿಯ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಬಹುದು. ಸ್ಥಿತಿಯು ಮುಂದೆ ಬದಲಾಗುವ ಸಂಭವವಿದ್ದಲ್ಲಿ ಪ್ರಮಾಣಪತ್ರವನ್ನು ನಿಗದಿತ ಅವಧಿಗೆ ಮಾತ್ರ ನೀಡಲಾಗುತ್ತದೆ. ಅವಧಿ ಮುಗಿಯುವ ಮುನ್ನ ಮರುಪರೀಕ್ಷೆಗೆ ಹಾಜರಾಗುವುದು. ನಿರ್ದಿಷ್ಟ ಅಂಗವಿಕಲತೆ ಇಲ್ಲವೆಂದು ವೈದ್ಯಕೀಯ ಪ್ರಾಧಿಕಾರವು ತೀರ್ಮಾನಿಸಿದಲ್ಲಿ ಅದನ್ನು ಲಿಖಿತವಾಗಿ ತಿಳಿಸತಕ್ಕದ್ದು. ಆ ತೀರ್ಮಾನದ ವಿರುದ್ಧ ಅಧಿನಿಯಮದ 59ನೇ ಪ್ರಕರಣದ ಅಡಿಯಲ್ಲಿ ಮೇಲ್ಮನವಿ ಸಲ್ಲಿಸಲು ಅವಕಾಶವಿರುತ್ತದೆ.